ಮೂರನೆಯ ಕಾಲು ಯಾರಿಗೆ?

ಇಂಗ್ಲಿಷ್ ನಾಟಕಗಳ ವಿಚಾರಕ್ಕೆ ಸಮಾಜವಾದಿ ಪತ್ರಿಕೆಯೊಂದು ಏಕೆ ಜಾಗ ಕೊಡಬೇಕೆಂದು ಕೆಲವು ಸಂಗಾತಿಗಳು ಕೇಳಿಯಾರು. ಇಂಗ್ಲಿಷ್ ಈ ದೇಶದಲ್ಲಿ ಬರಿಯ ಭಾಷೆಯಲ್ಲ, ಆಳುವವರ ಕೈಯ ಆಯುಧ ಎಂಬುದು ಡಾ. ಲೋಹಿಯಾ ಅವರ ಕಾಲದಿಂದ ನಮ್ಮ ನಿಲುವು. ಆ ನಿಲುವು ಇಂದಿಗೂ ಸರಿಯೇ. ಆದರೆ ಜಾತಿಯ ಕಟ್ಟು ಮತ್ತು ಹೆಣ್ಣಿನ ಮೇಲಿನ ಕಟ್ಟು, ಇವೆರಡೇ ದೇಶದ ಚೈತನ್ಯವನ್ನು ಕೊಂದಿವೆಯೆಂದು 1953ರಲ್ಲಿ ಬರೆದವರೂ ಅದೇ ಲೋಹಿಯಾ. ಅವರ ಸಪ್ತಕ್ರಾಂತಿಯಲ್ಲಿ ಮೊದಲನೆಯದು ಸ್ತ್ರೀಪುರುಷ ಸಮಾನತೆ. ಹೀಗಿರುವಾಗ, ಆಳುವವರ ಮನೆಯೊಳಗಿನ ಅನ್ಯಾಯವನ್ನು ಅವರ ಭಾಷೆಯಲ್ಲಿಯೇ ಬಯಲಿಗೆಳೆದ ಕೃತಿಗಳಿದ್ದರೆ ಅವನ್ನು ನೋಡದೆ ತಳ್ಳಿಹಾಕುವುದು ಜಾಣತನವಲ್ಲ.

ಬೆಂಗಳೂರಿನವರೇ ಆದ ಮಹೇಶ ದತ್ತಾನಿಯವರ ‘ತಾರಾ’ ಅಂಥದೊಂದು ನಾಟಕ. ಅದು ಮೊದಲು ರಂಗವೇರಿದ್ದು 1990ರ ಅಕ್ಟೋಬರಿನಲ್ಲಿ, ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದಲ್ಲಿ. 1998ರಲ್ಲಿ ದತ್ತಾನಿಯವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಇಂಗ್ಲಿಷ್ ನಾಟಕಕಾರರೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.

ಕಥೆ ಹೀಗಿದೆ. ಗುಜರಾತಿ ತಂದೆಗೂ ಕನ್ನಡತಿ ತಾಯಿಗೂ ಅವಳಿ ಮಕ್ಕಳು ಹುಟ್ಟುತ್ತವೆ. ಒಂದು ಗಂಡು, ಒಂದು ಹೆಣ್ಣು. ಎರಡೂ ದೇಹಗಳು ಅಂಟಿಕೊಂಡಿವೆ, ಇಬ್ಬರಿಗೂ ಸೇರಿ ಮೂರೇ ಕಾಲು. ಮೂರನೆಯ ಕಾಲಿಗೆ ರಕ್ತ ಹರಿಯುವುದು ಹೆಚ್ಚಾಗಿ ಹೆಣ್ಣುಮಗುವಿನ ಕಡೆಯಿಂದ. ಅವಳಿಗೆ ಕೊಟ್ಟರೆ ಅದು ಉಳಿಯುತ್ತದೆ. ಆದರೂ ಅದನ್ನು ಗಂಡುಮಗುವಿಗೆ ಜೋಡಿಸುತ್ತಾರೆ. ತಾಯಿ ಮತ್ತು ರಾಜಕಾರಣಿಯಾದ ಅವಳ ತಂದೆ ಕೂಡಿ ಮಾಡಿದ ತೀರ್ಮಾನವಿದು. ಒಪ್ಪಿದ ವೈದ್ಯನಿಗೆ ಬೆಂಗಳೂರಿನ ಒಳ್ಳೆಯ ಜಾಗದಲ್ಲಿ ಆಸ್ಪತ್ರೆ ಕಟ್ಟಲು ನೆಲ ಸಿಗುತ್ತದೆ. ಎರಡೇ ದಿನದಲ್ಲಿ ಆ ಕಾಲು ಸತ್ತು, ಕತ್ತರಿಸಿ ತೆಗೆಯಬೇಕಾಗುತ್ತದೆ. ಗಂಡಿಗೂ ಉಳಿಯಲಿಲ್ಲ, ಹೆಣ್ಣಿಗೂ ದಕ್ಕಲಿಲ್ಲ. ಮುಂದೆ ಅದೇ ಅಜ್ಜ ಮೊಮ್ಮಗನಿಗೆ ಆಸ್ತಿ ಬರೆದಿಡುತ್ತಾನೆ. ಮೊಮ್ಮಗಳಿಗೆ ಏನೂ ಇಲ್ಲ.

ಈ ಮನೆಯಲ್ಲಿ ಅಕ್ಷರ ಬಾರದವರು ಯಾರಿದ್ದಾರೆ? ಬಡತನವೆಲ್ಲಿದೆ? ಹೆಣ್ಣನ್ನು ಕೀಳಾಗಿ ಕಾಣುವುದು ಹಳ್ಳಿಗರ ಅಜ್ಞಾನ, ವಿದ್ಯೆ ಹರಡಿದರೆ ಅದು ತಾನಾಗಿಯೇ ಹೋಗುತ್ತದೆಂದು ನಗರದ ಸುಶಿಕ್ಷಿತರು ಭಾಷಣ ಮಾಡುತ್ತ ಬಂದಿದ್ದಾರೆ. ದತ್ತಾನಿಯವರ ನಾಟಕ ಆ ಭಾಷಣಕ್ಕೆ ಕೊಟ್ಟ ಉತ್ತರ. ವಿದ್ಯೆ, ಹಣ, ಅಧಿಕಾರ, ವೈದ್ಯಶಾಸ್ತ್ರ ಎಲ್ಲವೂ ಕೂಡಿಯೇ ಈ ಅಪರಾಧ ನಡೆಯುತ್ತದೆ.

ಜನಗಣತಿಯೂ ಇದನ್ನೇ ಹೇಳುತ್ತದೆ. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಅದು 946ಕ್ಕೆ ಇಳಿಯಿತು, 2011ರಲ್ಲಿ 948. ಆ ಹತ್ತು ವರ್ಷಗಳಲ್ಲಿ ಶಾಲೆಗಳು ಹೆಚ್ಚಿದವು, ಆಸ್ಪತ್ರೆಗಳು ಹೆಚ್ಚಿದವು, ಸ್ಕ್ಯಾನಿಂಗ್ ಯಂತ್ರಗಳೂ ಹೆಚ್ಚಿದವು. ಕಡಮೆಯಾದದ್ದು ಹೆಣ್ಣುಮಕ್ಕಳು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲಿಯೇ ಬಂದಿತ್ತು.

ಇನ್ನು ಆಸ್ತಿಯ ಮಾತು. ಸ್ತ್ರೀಯರ ಆಸ್ತಿ ಹಕ್ಕಿಗಾಗಿ ಮೈಸೂರು ಸಂಸ್ಥಾನ 1933ರಲ್ಲಿಯೇ ಒಂದು ಕಾಯಿದೆ ಮಾಡಿತು. 1994ರಲ್ಲಿ ಕರ್ನಾಟಕ ಸರ್ಕಾರ ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು. ಆದರೆ ಅಷ್ಟರಲ್ಲಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ತಡೆಯನ್ನೂ ತೆಗೆಯಿತು. ತಂದೆ ಆ ದಿನ ಬದುಕಿರಲಿ ಇಲ್ಲದಿರಲಿ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಕಾನೂನು ಗೆದ್ದಿತು, ಮಗಳು ಗೆದ್ದಳೇ? ಸ್ವಂತ ಗಳಿಕೆಯ ಆಸ್ತಿಯನ್ನು ತಂದೆ ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ನಾಟಕದ ಅಜ್ಜ ಮಾಡಿದ್ದೂ ಅದನ್ನೇ. ಪಿತ್ರಾರ್ಜಿತವಾದರೆ ಹಕ್ಕು ಬಿಡುಗಡೆ ಪತ್ರವಿದೆ. ಅರಿಸಿನ ಕುಂಕುಮ, ಸೀರೆ, ಒಂದಿಷ್ಟು ಹಣ ಕೊಟ್ಟು, “ತವರು ಬೇಕೋ ಆಸ್ತಿ ಬೇಕೋ” ಎಂದು ಕೇಳಿದರೆ ಯಾವ ಹೆಣ್ಣುಮಗಳು ಸಹಿ ಹಾಕದೆ ಇದ್ದಾಳು? ಜಯನಗರ, ಸಾರಕ್ಕಿ, ಯಡಿಯೂರುಗಳ ಹೊಲಗಳು ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದವು. ಈಗ ಅವು ನಿವೇಶನಗಳು. ಅಕ್ಕತಂಗಿಯರ ನೆನಪು ಅಣ್ಣತಮ್ಮಂದಿರಿಗೆ ತೀವ್ರವಾಗಿ ಬರುವುದು ನೆಲದ ಬೆಲೆ ಏರಿದಾಗ, ಸಹಿಗಾಗಿ. ನಮ್ಮ ಜಿಲ್ಲೆಯ ನೋಂದಣಿ ಕಚೇರಿಗಳಲ್ಲಿ ನಡೆಯುವುದೂ ಇದಕ್ಕಿಂತ ಬೇರೆಯಲ್ಲ.

ಶಾಲೆಯಲ್ಲಿ ಪಾಠ ಹೇಳಿದವರಿಗೆಲ್ಲ ಗೊತ್ತಿರುವ ಇನ್ನೊಂದು ಸಂಗತಿಯಿದೆ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಗಂಡು ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಶಾಲೆಗೆ ಹೋಗುತ್ತಾನೆ; ಹೆಣ್ಣು ಊರಿನ ಸರ್ಕಾರಿ ಕನ್ನಡ ಶಾಲೆಗೆ ನಡೆದು ಬರುತ್ತಾಳೆ. ಕನ್ನಡದ ಮೇಲಿನ ಪ್ರೀತಿಯಿಂದ ಅಲ್ಲ, ಫೀಸು ಒಂದೇ ಮಗುವಿಗೆ ಸಾಕಾಗುವುದರಿಂದ. ಇಂಗ್ಲಿಷು ಬದುಕಿನಲ್ಲಿ ನಿಲ್ಲಲು ಬೇಕಾದ ಕಾಲು ಎಂದು ಎಲ್ಲರೂ ನಂಬಿರುವ ಕಾಲದಲ್ಲಿ ಆ ಕಾಲನ್ನು ಯಾರಿಗೆ ಜೋಡಿಸಬೇಕೆಂಬುದನ್ನು ನಮ್ಮ ಮನೆಗಳು ದಿನವೂ ತೀರ್ಮಾನಿಸುತ್ತಿವೆ. ಆದುದರಿಂದ ‘ತಾರಾ’ ಶ್ರೀಮಂತರ ಕಥೆ ಮಾತ್ರವಲ್ಲ. ವಿಪರ್ಯಾಸವೆಂದರೆ, ಆ ಸರ್ಕಾರಿ ಶಾಲೆಯ ಹುಡುಗಿ ತನ್ನದೇ ಕಥೆಯನ್ನು ಅದರ ಇಂಗ್ಲಿಷಿನಲ್ಲಿ ಓದಲಾರಳು.

ನಾಟಕದ ಮಿತಿಯನ್ನೂ ಹೇಳಬೇಕು. ತಾರೆಯ ಕಥೆಯನ್ನು ಅಲ್ಲಿ ಬರೆಯುತ್ತಿರುವವನು ಲಂಡನ್ನಿನಲ್ಲಿ ಕುಳಿತ ಅವಳ ಸಹೋದರ. ಅವಳ ದುಃಖವನ್ನು ತನ್ನದಾಗಿ ಮಾಡಿಕೊಂಡೆನೆಂದು ಅವನು ಕೊನೆಯಲ್ಲಿ ಕ್ಷಮೆ ಬೇಡುತ್ತಾನೆ. ಕಾಲಿನಂತೆ ಲೇಖನಿಯೂ ಗಂಡಿನ ಪಾಲಿಗೆ ಹೋಯಿತೆಂಬ ಅರಿವು ನಾಟಕಕಾರರಿಗೇ ಇದೆ. ಇನ್ನೊಂದು: ಎಲ್ಲ ತಪ್ಪಿನ ಭಾರ ತಾಯಿಯ ತಲೆಯ ಮೇಲೆ ಬಂದು, ಅವಳು ಹುಚ್ಚಿಯಾಗುತ್ತಾಳೆ. ಗಂಡುಮಗನಿಂದಲೇ ತನ್ನ ಸ್ಥಾನ ಭದ್ರವೆಂದು ಹೆಣ್ಣಿಗೆ ಕಲಿಸಿದವರು ಯಾರು? ಆಸ್ತಿಯ ಒಡೆತನ ಯಾರ ಕೈಯಲ್ಲಿತ್ತು? ಪ್ರೇಕ್ಷಕ ಇದನ್ನು ಕೇಳದೆ ತಾಯಿಯನ್ನಷ್ಟೇ ಶಪಿಸಿ ಎದ್ದುಹೋದರೆ ಅವನು ಅರ್ಧ ನಾಟಕವನ್ನು ಮಾತ್ರ ನೋಡಿದಂತೆ.

ಲೇಖನಿ ಹೆಂಗಸರ ಕೈಗೆ ಬಂದಾಗ ಪ್ರಶ್ನೆ ನೇರವಾಗಿ ಪ್ರೇಕ್ಷಕನ ಕಡೆಗೇ ತಿರುಗಿದೆ. ಬೆಂಗಳೂರಿನಲ್ಲಿ ನೆಲೆಸಿ ಬರೆದ ಪೊಯಿಲೆ ಸೇನ್‌ಗುಪ್ತಾ ಅವರ ‘ಮಂಗಳಂ’ ನಾಟಕದ ಮೊದಲ ಅಂಕದಲ್ಲಿ ಹಳೆಯ ಸಂಪ್ರದಾಯದ ಮನೆಯೊಂದರಲ್ಲಿ ಹೆಣ್ಣು ಅನುಭವಿಸಿದ ಅನ್ಯಾಯವಿದೆ. ಎರಡನೆಯ ಅಂಕದಲ್ಲಿ ಆ ನಾಟಕವನ್ನು ನೋಡಿಬಂದ ಆಧುನಿಕ ಕುಟುಂಬವೊಂದಿದೆ. ತಮ್ಮ ಮನೆಯಲ್ಲಿಯೂ ಅದೇ ನಡೆದಿದೆಯೆಂಬುದು ಅವರಿಗೆ ಆಗ ತಿಳಿಯುತ್ತದೆ. ಮಂಜುಳಾ ಪದ್ಮನಾಭನ್ ಅವರ ‘ಲೈಟ್ಸ್ ಔಟ್’ 1982ರಲ್ಲಿ ಮುಂಬಯಿಯ ಸಾಂತಾಕ್ರೂಜಿನಲ್ಲಿ ನಡೆದ ನಿಜ ಘಟನೆಯನ್ನು ಆಧರಿಸಿದ್ದು. ಪಕ್ಕದ ಕಟ್ಟಡದಲ್ಲಿ ಹೆಣ್ಣೊಬ್ಬಳು ಚೀರುತ್ತಿರುವಾಗ ಸಭ್ಯರು ಕೂತು ಚರ್ಚೆ ಮಾಡುತ್ತಾರೆ, ಏಳುವುದಿಲ್ಲ.

ನೋಡಿ ಚರ್ಚಿಸಿ ಮನೆಗೆ ಹೋಗುವವರ ಪಾಲಿಗೆ ಮಾತ್ರ ಈ ನಾಟಕಗಳನ್ನು ಬಿಡಬಾರದು. ಜಯಪ್ರಕಾಶ ನಾರಾಯಣರ ಹೆಸರು ಹೊತ್ತ ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ತೆರೆದ ರಂಗಶಂಕರ ದಾರಿ ತೋರಿದೆ. ಅಲ್ಲಿ 2005ರಲ್ಲಿ ಗಿರೀಶ ಕಾರ್ನಾಡರ ಒಂದೇ ನಾಟಕ ಕನ್ನಡದಲ್ಲಿ ‘ಒಡಕಲು ಬಿಂಬ’ವಾಗಿಯೂ ಬೇರೆ ಹೆಸರಿನಿಂದ ಇಂಗ್ಲಿಷಿನಲ್ಲಿಯೂ ಆಡಲ್ಪಟ್ಟಿತು. ಭಾಷೆಯ ಗೋಡೆ ಅಷ್ಟೇನೂ ಎತ್ತರವಲ್ಲ, ದಾಟುವ ಮನಸ್ಸು ಬೇಕು. ‘ತಾರಾ’ದಂಥ ನಾಟಕ ತಾಲ್ಲೂಕು ಕೇಂದ್ರಗಳಲ್ಲಿ, ಹೈಸ್ಕೂಲು ಅಂಗಳಗಳಲ್ಲಿ, ಕನ್ನಡದಲ್ಲಿ ಆಡಬೇಕು. ಆಡುವವರಲ್ಲಿ ಹುಡುಗಿಯರಿರಬೇಕು, ಮುಂದಿನ ನಾಟಕವನ್ನು ಅವರೇ ಬರೆಯಬೇಕು.

ಅದಕ್ಕೂ ಮೊದಲು ಮಾಡಬೇಕಾದ ಕೆಲಸ ನಮ್ಮ ಮನೆಗಳಲ್ಲಿದೆ. ಪಕ್ಷದ ಸದಸ್ಯರು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳಬಾರದು. ಉಯಿಲು ಬರೆಯುವವರು ಮಗಳ ಹೆಸರನ್ನು ಬಿಡಬಾರದು. ಫೀಸು ಕಟ್ಟುವಾಗ ಮಗ ಮಗಳೆಂದು ಎಣಿಸಬಾರದು. ಭೂಮಿ ಉಳುವವನಿಗೆ ಎಂದು ಹೋರಾಡಿದವರು ನಾವು. ಆ ಭೂಮಿಯಲ್ಲಿ ಕಳೆ ಕಿತ್ತು ನಾಟಿ ಹಾಕಿದವಳಿಗೆ ಎಷ್ಟು ಗುಂಟೆ ಬಂತೆಂಬ ಲೆಕ್ಕವನ್ನು ಜಿಲ್ಲಾ ಸಮಿತಿ ತನ್ನ ಮುಂದಿನ ಸಭೆಯಲ್ಲಿ, ಸದಸ್ಯರ ಮನೆಗಳಿಂದಲೇ ಆರಂಭಿಸಿ, ಕೇಳಲಿ.