ಕಪ್ಪು ಕಾರು, ಎಡಗಡೆ ಬಾಗಿಲು

ಬೆಳಿಗ್ಗೆ ಕಾಫಿ ಮುಗಿದ ಕೂಡಲೇ ನಮ್ಮಪ್ಪನಿಗೆ ಎರಡು ಕೆಲಸ. ಒಂದು ಪೇಪರ್ ಓದುವುದು, ಇನ್ನೊಂದು ಹಳೇ ಬನಿಯನ್ ಹಿಡಿದು ಕಾರು ಒರೆಸುವುದು. ರಿಟೈರ್ ಆಗುವ ಮುಂಚೆ ಸಾಲ ಮಾಡಿ ಕೊಂಡ ಕಪ್ಪು ಕಾರು ಅದು. ಹನ್ನೊಂದು ವರ್ಷದಲ್ಲಿ ಒರೆಸುವುದು ತಪ್ಪಿದ ದಿನ ಕಡಿಮೆ.

ಕಳೆದ ತಿಂಗಳು ಅಪ್ಪನ ಹುಟ್ಟುಹಬ್ಬ. ಏನು ಕೊಡಿಸ್ತೀನಿ ಅಂದರೂ "ನಂಗೇನೂ ಬೇಡ ಕಣೋ" ಅನ್ನುವ ಆಸಾಮಿ. ಸರಿ, ಕಾರಿಗಾದರೂ ಕೊಡಿಸೋಣ ಅಂತ ಮೈಸೂರಿನ ರಿಂಗ್ ರೋಡ್ ಹತ್ತಿರದ ಡೀಟೇಲಿಂಗ್ ಅಂಗಡಿಗೆ ಇಬ್ಬರೂ ಹೋದೆವು.

ಮೊದಲು ನೊರೆ ಹಾಕಿ ತೊಳೆದರು. ಆಮೇಲೆ ಜೇಡಿಮಣ್ಣಿನಂಥ ಕ್ಲೇ ಉಜ್ಜಿ, ತೊಳೆದರೂ ಹೋಗದೆ ಅಂಟಿಕೊಂಡಿದ್ದ ಕೊಳೆ ತೆಗೆದರು. ನಂತರ ಹುಡುಗ ಎಲ್‌ಇಡಿ ಲೈಟ್ ಹಿಡಿದ. ಬಾನೆಟ್ ಮೇಲೆ ಜೇಡರ ಬಲೆಯ ಹಾಗೆ ಸಾವಿರಾರು ಸಣ್ಣ ಗೀರುಗಳು! "ಒಣ ಬಟ್ಟೇಲಿ ಧೂಳು ಒರೆಸ್ತೀರಾ ಸಾರ್?" ಅಂದ. ಅಪ್ಪ ನನ್ನ ಮುಖ ನೋಡಿದರು. ಧೂಳಿನಲ್ಲಿ ಮರಳಿನ ಕಣ ಇರುತ್ತೆ, ಒಣ ಬಟ್ಟೆಯಲ್ಲಿ ಒರೆಸಿದರೆ ಅದೇ ಉಪ್ಪುಕಾಗದ. ಹನ್ನೊಂದು ವರ್ಷದ ಪ್ರೀತಿಯೆಲ್ಲ ಗೀರಾಗಿ ಕೂತಿತ್ತು.

ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಪಾರದರ್ಶಕ ಪದರ ಇರುತ್ತೆ. ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ತೆಳು. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಅದೇ. ಪೇಂಟ್ ಕರೆಕ್ಷನ್ ಅಂದರೆ ಗೀರು ತುಂಬುವುದಲ್ಲ. ಪಾಲಿಶಿಂಗ್ ಮಷೀನ್‌ನಿಂದ ಆ ಪದರವನ್ನೇ ಕೆಲವು ಮೈಕ್ರಾನ್ ಸವೆಸಿ ಸಮ ಮಾಡುವುದು. ಸವೆದದ್ದು ಮತ್ತೆ ಬೆಳೆಯಲ್ಲ. ಉಗುರು ಆಡಿಸಿದಾಗ ತಡೆಯುವಷ್ಟು ಆಳದ ಗೀರನ್ನು ತೆಗೆಯಲು ಹೋದರೆ ಪದರವೇ ಮುಗಿದೀತು. ಅದಕ್ಕೇ ಒಳ್ಳೆ ಕೆಲಸಗಾರರು ಮಷೀನ್ ಹಿಡಿಯುವ ಮುಂಚೆ ಮೀಟರ್ ಹಿಡಿಯುತ್ತಾರೆ.

ಹುಡುಗ ಮೀಟರ್ ಇಟ್ಟುಕೊಂಡು ಹೋದ. ಬಾನೆಟ್ 112. ಬಲಗಡೆ ಬಾಗಿಲು 118. ಎಡಗಡೆ ಹಿಂದಿನ ಬಾಗಿಲಿಗೆ ಇಟ್ಟ, 290.

"ಇದು ರೀಪೇಂಟ್ ಆಗಿದೆ ಸಾರ್."

"ಇಲ್ಲಪ್ಪ, ಈ ಕಾರು ಎಲ್ಲೂ ತಾಗಿಲ್ಲ" ಅಂದೆ ನಾನು. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಹೊರಗೆ ಎಳನೀರು ಕುಡಿಯುವಾಗ ತಾವೇ ಬಾಯಿಬಿಟ್ಟರು. "ಎರಡು ವರ್ಷದ ಹಿಂದೆ ರಾತ್ರಿ ಗೇಟಿನ ಕಂಬಕ್ಕೆ ಉಜ್ಜಿಬಿಟ್ಟೆ. ಎದುರಿನ ಗಾಡಿ ಲೈಟು ಕಣ್ಣಿಗೆ ಹೊಡೀತು, ಏನೂ ಕಾಣ್ಲಿಲ್ಲ. ನಿಂಗೆ ಹೇಳಿದ್ರೆ ಕೀ ಕಿತ್ಕೊಳ್ತೀಯ ಅಂತ ಸುಮ್ಮನೆ ಪೇಂಟ್ ಮಾಡಿಸ್ದೆ."

"ಈಗ ಹೇಗಿದೆ?"

"ಈಗ ಇನ್ನೂ ಜಾಸ್ತಿ ಹೊಡೆಯುತ್ತೆ."

ಎರಡು ವರ್ಷದಿಂದ ಅಮ್ಮನನ್ನು ಕೂರಿಸಿಕೊಂಡು ರಾತ್ರಿ ಮದುವೆ ಮನೆಗಳಿಂದ ವಾಪಸ್ ಬಂದಿದ್ದಾರೆ. ಬೈಯಬೇಕು ಅಂತ ಬಾಯಿ ತೆರೆದೆ. ಆಮೇಲೆ ಅನ್ನಿಸಿತು, ಹೇಳಿದರೆ ನಾನು ನಿಜವಾಗಿಯೂ ಕೀ ಕಿತ್ಕೊಳ್ತಿದ್ದೆ. ಅವರ ಲೆಕ್ಕ ತಪ್ಪೇನಿರಲಿಲ್ಲ.

ಮಾರನೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನ ಆಪರೇಷನ್ ಮುಂದಿನ ವಾರ. ಅಲ್ಲಿವರೆಗೆ ಕಾರಿನ ಕೀ ಅಮ್ಮನ ಹತ್ತಿರ, ದೇವರ ಮನೆ ಡಬ್ಬಿಯಲ್ಲಿ. ಆಪರೇಷನ್ ಆದಮೇಲೆ ಡಾಕ್ಟರ್ ಓಕೆ ಅಂದರೆ ವಾಪಸ್ ಕೊಡುತ್ತೇವೆ ಅನ್ನುವುದು ಮೂವರ ಒಪ್ಪಂದ.

ಕಾರೇನೋ ಹೊಳೆಯುತ್ತಿದೆ. ಆಳದ ಗೀರು ನಾಲ್ಕೈದು ಹಾಗೇ ಬಿಟ್ಟಿದ್ದಾರೆ, ಅದೇ ಸರಿ. ಸೆರಾಮಿಕ್ ಕೋಟಿಂಗ್ ನಾವು ಹಾಕಿಸಲಿಲ್ಲ. ಅದರಿಂದ ನೀರು, ಕೊಳೆ ಬೇಗ ಜಾರುತ್ತೆ ನಿಜ, ಆದರೆ ಒಣ ಬನಿಯನ್ನಿಗೆ ಅದೂ ಬಗ್ಗುತ್ತೆ. ಅದರ ಬದಲು ಎರಡು ಬಕೆಟ್ ತಂದೆ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಮೊದಲು ಪೈಪಿನಲ್ಲಿ ಧೂಳು ಇಳಿಸಿ, ಮೇಲಿನಿಂದ ಕೆಳಕ್ಕೆ ತೊಳೆದು, ಮೈಕ್ರೋಫೈಬರ್ ಬಟ್ಟೆಯಲ್ಲಿ ನೀರು ಒತ್ತಿ ತೆಗೆಯಬೇಕು. ವಾರಕ್ಕೊಂದು ಸಲ ಸಾಕು. ಅಪ್ಪ ಗೊಣಗುತ್ತಲೇ ಕಲಿತಿದ್ದಾರೆ.

ನಿಮ್ಮ ಮನೆಯಲ್ಲೂ ವಯಸ್ಸಾದವರು ಓಡಿಸುವ ಕಾರಿದ್ದರೆ ಈ ಭಾನುವಾರ ಅದನ್ನೊಮ್ಮೆ ಸುತ್ತಿ ನೋಡಿ. ಹೊಸ ಗೀರು ಕಂಡರೆ ಬೈಯಬೇಡಿ. "ರಾತ್ರಿ ಲೈಟು ಕಣ್ಣಿಗೆ ಹೊಡೆಯುತ್ತಾ?" ಅಂತ ಕೇಳಿ.