ಮನಸ್ಸಿದ್ರ ಮಾರ್ಗ ಅಂತ ಹೇಳಿ ಕೈ ತೊಳಕೋಬ್ಯಾಡ್ರಿ

ನಮ್ಮನಿ ಹುಡುಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಾಗ ಗಣಿತಕ್ಕ 28 ತಗೊಂಡು ನಪಾಸಾದ್ಲು. ಅವತ್ತ ಸಂಜಿಕ ಕಟ್ಟಿ ಮ್ಯಾಲೆ ಕುಂತು ಬುದ್ಧಿ ಹೇಳಾಕ ಬಂದವರು ಒಬ್ರಲ್ಲ, ಇಬ್ರಲ್ಲ. “ಛಲ ಬೇಕವಾ.” “ನಿನ್ನ ಮ್ಯಾಲೆ ನಿನಗ ನಂಬಿಕಿ ಇಲ್ಲ, ಅದಕ್ಕ ಹಿಂಗ.” “ಮನಸ್ಸಿದ್ರ ಮಾರ್ಗ ಐತಿ.” ಎಲ್ಲಾರೂ ಚಾ ಕುಡದು ಎದ್ದು ಹ್ವಾದ್ರು. ಆ ಚಾ ಮಾಡಿ, ಕಪ್ಪು-ಬಸಿ ತೊಳದಾಕಿ ಯಾರಂತೀರಿ? ಆಕಿನ.

ಬಂದವರಿಗೆ ಬೈಯೂದಕ್ಕಿಂತ ಮೊದಲ ನನ್ನ ತಪ್ಪು ಹೇಳ್ತೀನಿ. ನಾನೂ ಹಂಗ ಅಂದಾಕಿನ. ರಾತ್ರಿ ನಿದ್ದಿ ಹತ್ತಲಿಲ್ಲ, ಆಕಿ ದಿನಾ ಹೆಂಗ ಕಳೀತೈತಿ ಅಂತ ಲೆಕ್ಕಾ ಹಾಕಿದೆ. ಮುಂಜಾನೆ ಎದ್ದು ಕಸಾ ಹೊಡದು, ನೀರು ತುಂಬಿ, ಎಮ್ಮಿ ಹೆಂಡಿ ಬಳದು ಸಾಲಿಗೆ ಹೋಗಬೇಕು. ಸಂಜಿಕ ಬಂದು ತಮ್ಮನ್ನ ನೋಡ್ಕೋಬೇಕು, ರೊಟ್ಟಿಗೆ ಕುಂಡ್ರಬೇಕು. ಪುಸ್ತಕ ಹಿಡಿಯೂದು ಎಲ್ಲಾರೂ ಉಂಡು ಮಲಗಿದ ಮ್ಯಾಲೆ. ಆವಾಗ ಕಣ್ಣು ತಾವ ಮುಚ್ಚತಾವು. ನಾವು ಆಕಿ ಹೊತ್ತೆಲ್ಲಾ ತಿಂದು, ಆಮ್ಯಾಲೆ ಆಕಿಗೆ ಛಲ ಇಲ್ಲ ಅಂದ್ವಿ. ಇದು ಬುದ್ಧಿವಾದ ಅಲ್ರಿ, ಜವಾಬ್ದಾರಿ ತಪ್ಪಿಸ್ಕೊಳ್ಳೂ ಹಾದಿ.

ನಮ್ಮ ಗೊಟಗೋಡಿಯೊಳಗ ಉತ್ಸವ ರಾಕ್ ಗಾರ್ಡನ್ ಐತೆಲ್ಲ, ಹೆದ್ದಾರಿ ದಂಡಿಗೆ. ಅದನ್ನ ಕಟ್ಟಿದ ಕಲಾವಿದ ಟಿ.ಬಿ. ಸೊಲಬಕ್ಕನವರ 2020ರಾಗ ತೀರಿಕೊಂಡ್ರು. ನೋಡಾಕ ಬಂದವರೆಲ್ಲಾ ಒಂದ ಮಾತು ಹೇಳ್ತಾರ: “ಒಬ್ಬ ಮನುಷ್ಯಾ ಮನಸ್ಸು ಮಾಡಿದ್ರ ಏನೇನು ಆಗ್ತೈತಿ ನೋಡ್ರಿ!” ಖರೇನ, ಆ ಕನಸು, ಆ ಹಟ ಅವರದ. ಆದ್ರ ಅಲ್ಲಿರೂ ಒಕ್ಕಲಿಗರ ಮನಿ, ಎತ್ತು, ಕೆಲಸಾ ಮಾಡೂ ಹೆಣ್ಣಮಕ್ಕಳು ಇವನ್ನೆಲ್ಲಾ ಒಂದ ಜೋಡಿ ಕೈ ಮಾಡೇತೇನು? ಎಷ್ಟೋ ಕಲಾವಿದರು, ಎಷ್ಟೋ ಕೆಲಸಗಾರರು ಅಲ್ಲಿ ಬೆವರು ಸುರಿಸ್ಯಾರ.

ಸಿಮೆಂಟಿನ ಕೆಲಸಾ ಗೊತ್ತಿದ್ದವರನ್ನ ಕೇಳ್ರಿ. ಕೈ ಚಾಚಿ ನಿಂತ ಗೊಂಬಿ ನಿಲ್ಲಬೇಕಂದ್ರ ಒಳಗ ಕಬ್ಬಿಣದ ಸಳಿ ಬೇಕು. ಸಳಿ ಇದ್ರೂ, ಮ್ಯಾಲೆ ದಿನಾ ನೀರು ಹೊಡೀಲಿಲ್ಲಂದ್ರ ಸಿಮೆಂಟು ಬಿರೀತೈತಿ. ತನ್ನ ಮ್ಯಾಲಿನ ನಂಬಿಕಿ ಅನ್ನೂದು ಆ ಸಳಿ ಇದ್ದಂಗ. ಅದು ಬೇಕ ಬೇಕು. ಆದ್ರ ನೀರು ಗೊಂಬಿ ತಾನ ಹೊಡಕೊಳ್ಳಾಕ ಬರೂದಿಲ್ಲ.

ನಮ್ಮ ಶಿಗ್ಗಾವಿ ತಾಲೂಕಿನವರ ಆದ ಶಿಶುನಾಳ ಷರೀಫರನ್ನ (1819–1889) ನೆನಸ್ಕೊಳ್ರಿ. ಅಂಥಾ ದೊಡ್ಡ ಜೀವಕ್ಕೂ ಕಳಸದ ಗೋವಿಂದಭಟ್ಟರು ಅಂತ ಒಬ್ಬ ಗುರು ಬೇಕಾದ್ರು. ಜಾತಿ-ಧರ್ಮ ನೋಡದ ಶಿಷ್ಯನ ಕೈ ಹಿಡದ್ರು. ಷರೀಫರಿಗೆ ಬೇಕಾದ ಆಸರ ನಮ್ಮನಿ ಹದಿನಾರು ವರ್ಷದ ಹುಡುಗಿಗೆ ಬ್ಯಾಡೇನು?

“ಎಲ್ಲಾ ಕೊಟ್ರೂ ಓದಲಾರದ ಹುಡುಗರು ಅದಾರಲ್ರಿ” ಅಂತೀರಿ. ಅದಾರ. ಒಳಗ ಸಳಿ ಇಲ್ಲದ ಗೊಂಬಿಗೆ ಎಷ್ಟು ನೀರು ಹೊಡದ್ರೂ ನಿಲ್ಲೂದಿಲ್ಲ, ಒಪ್ಪಿದೆ. ಆದ್ರ ನೀರನ್ನ ಹೊಡೀದ, ಒಳಗ ಸಳಿ ಇಲ್ಲ ಅಂತ ತೀರ್ಪು ಕೊಡೂದು ಯಾವ ನ್ಯಾಯ? ಇನ್ನೊಂದು: ಗೆದ್ದವರ ಕಥಿನ ಕೇಳಿಸ್ಕೋತ ಹ್ವಾದ್ರ ಸೋತವರೆಲ್ಲಾ ಸೋಮಾರಿಗಳು ಅನಸಾಕ ಹತ್ತತೈತಿ. ಹಂಗ ಅನಸ್ಕೊಂಡ ಹುಡುಗಿ ಪುಸ್ತಕ ಮುಚ್ಚಿಡತಾಳ. ಮುಂದ ಆರ ತಿಂಗಳಿಗೆ ವರಾ ನೋಡಾಕ ಬರ್ತಾರ. ನಾನು ಅಂಜೂದು ಇದಕ್ಕ.

2024ರಾಗ ನಮ್ಮ ರಾಜ್ಯದಾಗ ಎಸ್ಸೆಸ್ಸೆಲ್ಸಿಗೆ ವರ್ಷಕ್ಕ ಮೂರು ಪರೀಕ್ಷೆ ಮಾಡಾಕ ಸುರು ಮಾಡಿದ್ರು. ಸರಕಾರನ ಇನ್ನೊಂದ ಸಲ ಬರೀ ಅಂತ ಬಾಗಲಾ ತಗದಿಟ್ಟೈತಿ. ಮನಿಯವರು ನಾವ್ಯಾಕ ಚಿಲಕ ಹಾಕೂನು?

ಈಗ ನಮ್ಮನಿಯೊಳಗ ಒಂದು ಕರಾರು ಆಗೇತಿ. ಸಂಜಿಕ ಆರರಿಂದ ಎಂಟರ ತನಕ ಆಕಿನ್ನ ಯಾರೂ ಕೂಗೂದಿಲ್ಲ. ನೀರು ಅಣ್ಣ ತುಂಬತಾನ. ಮೊದಲ ದಿನಾ ಕೊಡಾ ಹೊರಾಕ ನಾಚಿಕೊಂಡ, ಈಗ ರೂಢಿ ಆಗೇತಿ. ಹೆಂಡಿ ನಾನು ಬಳೀತೀನಿ. ಬುದ್ಧಿ ಹೇಳಾಕ ಬಂದವರಿಗೆ ಚಾ ಕೊಡ್ತೀವಿ, ಆದ್ರ ಮಾಡೂದು ಆಕಿ ಅಲ್ಲ. ಗಣಿತ ಗೊತ್ತಿದ್ದವರು ಬಂದ್ರ, ಚಾ ಜೋಡಿ ಚೂಡಾನೂ ಕೊಟ್ಟು ಆಕಿ ಬಾಜೂಕ ಕುಂಡ್ರಸ್ತೀವಿ.

ಎರಡನೇ ಪರೀಕ್ಷೆ ಇನ್ನ ಬರಬೇಕು. ಪಾಸಾದ್ರ ಆಕಿ ದುಡಿಮಿ. ಆಗಲಿಲ್ಲಂದ್ರ ಅದರಾಗ ನಮ್ಮದೂ ಪಾಲೈತಿ ಅಂತ ಈಗ ಬರದಿಡ್ತೀನಿ, ಪರೀಕ್ಷೆಗೆ ಮತ್ತ ಕುಂಡ್ರಸ್ತೀವಿ. ನಿಮ್ಮನಿ ಹುಡುಗೂರಿಗೆ ಛಲ ಇಲ್ಲ ಅನ್ನೂಕಿಂತ ಮೊದಲ ಒಂದ ದಿನಾ ಅವರ ಹೊತ್ತಿನ ಲೆಕ್ಕಾ ಹಾಕಿ ನೋಡ್ರಿ.