ಕಲ್ಲಿನ ವಯಸ್ಸು, ನೆತ್ತರಿನ ಸೀಸ

ಭೂಮಿಗೆ ಸುಮಾರು 455 ಕೋಟಿ ವರ್ಷ ವಯಸ್ಸು ಎಂಬುದು ಈಗ ಹೈಸ್ಕೂಲು ಮಕ್ಕಳಿಗೂ ಗೊತ್ತು. ಆ ಲೆಕ್ಕ ಹಾಕಿದವರು ಯಾರು ಎಂದು ಕೇಳಿದರೆ ಮಾತ್ರ ಭೂವಿಜ್ಞಾನ ಓದಿದವರೂ ಒಂದು ಕ್ಷಣ ತಡವರಿಸುತ್ತಾರೆ. ಅಮೆರಿಕದ ಕ್ಲೇರ್ ಪ್ಯಾಟರ್ಸನ್ (1922–1995) ಅವರ ಹೆಸರು ಅವರ ಸಂಖ್ಯೆಯಷ್ಟು ದೂರ ಬರಲಿಲ್ಲ. ಅವರ ಎರಡನೆಯ ಸಾಧನೆ ಇನ್ನೂ ಮರೆಯಲ್ಲಿದೆ. ನಮ್ಮ ಬಂಕುಗಳಲ್ಲಿ ಇವತ್ತು ಸೀಸ ಬೆರೆಸದ ಪೆಟ್ರೋಲ್ ಸಿಗುವುದರ ಹಿಂದೆ ಈ ಭೂರಸಾಯನ ವಿಜ್ಞಾನಿಯ ಮೂವತ್ತು ವರ್ಷಗಳ ಹಟ ಇದೆ. ಅವರ ವೃತ್ತಿಬದುಕನ್ನು ಹಿಂದಿರುಗಿ ನೋಡುವಾಗ ಆ ಹಟಕ್ಕೆ ಎಷ್ಟು ಪಾಲು ಕೊಡಬೇಕು, ಎಷ್ಟು ಕೊಡಬಾರದು ಎಂದು ತೂಗಿ ನೋಡುವುದೂ ಅಗತ್ಯ.

ಎರಡು ಕೆಲಸಗಳಿಗೂ ಮೂಲ ಒಂದು ತೊಂದರೆ. 1940ರ ದಶಕದ ಕೊನೆಯಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಹ್ಯಾರಿಸನ್ ಬ್ರೌನ್ ಅವರ ಕೈಕೆಳಗೆ ಪ್ಯಾಟರ್ಸನ್ ಸಂಶೋಧನಾ ವಿದ್ಯಾರ್ಥಿ. ಗ್ರಾನೈಟಿನೊಳಗೆ ಸಾಸಿವೆಗಿಂತ ಸಣ್ಣದಾಗಿ ಅಡಗಿರುವ ಜಿರ್ಕಾನ್ ಹರಳುಗಳಲ್ಲಿ ಸೀಸ ಅಳೆಯುವುದು ಅವರಿಗೆ ಒಪ್ಪಿಸಿದ ಕೆಲಸ. ಯುರೇನಿಯಂ ಅಳೆಯುವುದು ಜೊತೆಗಾರ ಜಾರ್ಜ್ ಟಿಲ್ಟನ್ ಪಾಲಿಗೆ ಬಂದಿತ್ತು. ಜಿರ್ಕಾನ್ ರೂಪುಗೊಳ್ಳುವಾಗ ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಆಮೇಲೆ ಒಳಗೆ ಸಿಗುವ ಸೀಸವೆಲ್ಲ ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ಎರಡರ ಪ್ರಮಾಣ ಗೊತ್ತಾದರೆ ಕಲ್ಲಿನ ವಯಸ್ಸು ಸಿಕ್ಕಂತೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ಎನ್ನುತ್ತೇವಲ್ಲ, ಅಂಥ ಹಳೆಯ ನೈಸ್ ಶಿಲೆಗಳ ಕಾಲ ನಿರ್ಣಯಿಸಲು ಇಂದಿಗೂ ಮುಖ್ಯ ಆಧಾರ ಈ ವಿಧಾನವೇ.

ಟಿಲ್ಟನ್ನರ ಲೆಕ್ಕ ಸರಿಯಾಗಿ ಬರುತ್ತಿತ್ತು. ಪ್ಯಾಟರ್ಸನ್ನರದು ಮಾತ್ರ ಪ್ರತಿ ಸಲವೂ ಎಲ್ಲೆ ಮೀರುತ್ತಿತ್ತು. ಕಲ್ಲಿನಲ್ಲಿ ಇರಲು ಸಾಧ್ಯವೇ ಇಲ್ಲದಷ್ಟು ಸೀಸ! ಅದು ಬರುತ್ತಿದ್ದದ್ದು ಗಾಜಿನ ಪಾತ್ರೆಯಿಂದ, ನಲ್ಲಿ ನೀರಿನಿಂದ, ಆಮ್ಲದಿಂದ, ಗೋಡೆಯ ಬಣ್ಣದಿಂದ, ಗಾಳಿಯ ದೂಳಿನಿಂದ, ಅಳೆಯುವವನ ತಲೆಗೂದಲಿನಿಂದ. ಬೇರೆಯವರಾಗಿದ್ದರೆ ಒಂದಿಷ್ಟು ಕಳೆದು ಲೆಕ್ಕ ಮುಗಿಸುತ್ತಿದ್ದರೇನೋ. ಪ್ಯಾಟರ್ಸನ್ ನೆಲ ಒರೆಸಲು ಕೂತರು. ಮಾದರಿಯನ್ನೇ ಹಾಕದೆ, ಬರೀ ಆಮ್ಲ ಮತ್ತು ನೀರಿನಲ್ಲಿ ಇಡೀ ಪ್ರಯೋಗವನ್ನು ನಡೆಸಿ, ಹೊರಗಿನಿಂದ ಎಷ್ಟು ಸೀಸ ನುಸುಳಿತು ಎಂದು ಅಳೆಯುವ ‘ಬ್ಲ್ಯಾಂಕ್’ ಪರೀಕ್ಷೆ ಅವರ ವ್ರತವಾಯಿತು. 1952ರಲ್ಲಿ ಕ್ಯಾಲ್‌ಟೆಕ್ ಸೇರಿದ ಮೇಲೆ ಶೋಧಿಸಿದ ಗಾಳಿಯನ್ನು ಒತ್ತಡದಲ್ಲಿ ಒಳಕ್ಕೆ ಬಿಡುವ, ಹೊರಗಿನ ದೂಳು ನುಗ್ಗದಂಥ ಪ್ರಯೋಗಾಲಯವನ್ನೇ ಕಟ್ಟಿಕೊಂಡರು.

ಅರಿಝೋನಾದ ಕ್ಯಾನ್ಯನ್ ಡಯಾಬ್ಲೊ ಉಲ್ಕಾಶಿಲೆಯ ಕಬ್ಬಿಣದ ಸಲ್ಫೈಡಿನಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅದರಲ್ಲಿರುವ ಸೀಸ ಸೌರವ್ಯೂಹ ಹುಟ್ಟಿದಾಗ ಇದ್ದಂತೆಯೇ ಉಳಿದಿದೆ. ಅದನ್ನು 1953ರಲ್ಲಿ ಆರ್ಗಾನ್ ಪ್ರಯೋಗಾಲಯದ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆದರು. ಆ ಮೂಲ ಸೀಸವನ್ನು ಆಧಾರವಾಗಿಟ್ಟು ಲೆಕ್ಕ ಹಾಕಿದ ಭೂಮಿಯ ವಯಸ್ಸು, 1956ರಲ್ಲಿ ಪ್ರಕಟವಾದ ಸಂಖ್ಯೆ, 455 ಕೋಟಿ ವರ್ಷ, ಏಳು ಕೋಟಿ ಹೆಚ್ಚುಕಡಿಮೆ. ಎಪ್ಪತ್ತು ವರ್ಷ ಕಳೆದರೂ ಅದು ಅಲ್ಲಾಡಿಲ್ಲ. ಮೂವತ್ತನಾಲ್ಕರ ಹರೆಯದಲ್ಲಿ ಇಷ್ಟು ಮಾಡಿದವರು ಇನ್ನುಳಿದ ಆಯಸ್ಸನ್ನು ಸನ್ಮಾನ ಸಮಾರಂಭಗಳಲ್ಲಿ ಕಳೆದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಅವರಿಗೆ ಮಾತ್ರ ಪ್ರಯೋಗಕ್ಕೆ ನುಸುಳುತ್ತಿದ್ದ ಆ ಸೀಸದ ಕೊಳೆಯದೇ ಯೋಚನೆ. ತೈಲೋದ್ಯಮದ ಹಣದಲ್ಲೇ ಸಮುದ್ರದ ಅಧ್ಯಯನಕ್ಕಿಳಿದ ಅವರು ಮೇಲ್ಪದರದ ನೀರಿನಲ್ಲಿ ಆಳದ ನೀರಿಗಿಂತ ಹಲವು ಪಟ್ಟು ಹೆಚ್ಚು ಸೀಸ ಕಂಡರು. ಆಳದ ನೀರು ಹಳೆಯದು, ಮೇಲಿನದು ಹೊಸದು. ಎಂಜಿನ್ ಬಡಿದುಕೊಳ್ಳದಿರಲೆಂದು 1923ರಿಂದ ಪೆಟ್ರೋಲಿಗೆ ಬೆರೆಸುತ್ತಿದ್ದ ಟೆಟ್ರಾಈಥೈಲ್ ಸೀಸದತ್ತ ಅವರು ಬೆರಳು ತೋರಿಸಿದರು. ತೈಲೋದ್ಯಮದ ನೆರವು ನಿಂತಿತು. 1965ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಮೆರಿಕನ್ನರ ಮೈಯಲ್ಲಿರುವ ಸೀಸ ನಿಸರ್ಗದತ್ತ ಪ್ರಮಾಣದ ಸುಮಾರು ನೂರು ಪಟ್ಟು ಎಂದು ಬರೆದರು. ಸರಕಾರದ ಅನುದಾನವೂ ಕೈತಪ್ಪಿತು.

ಎದುರಿಗಿದ್ದವರು ಸಾಮಾನ್ಯರಲ್ಲ. ಈಥೈಲ್ ಕಂಪನಿಯ ವೈದ್ಯಕೀಯ ಸಲಹೆಗಾರ, ಸಿನ್ಸಿನಾಟಿಯ ರಾಬರ್ಟ್ ಕೀಹೋ ಅವರ ಮಾತೇ ನಾಲ್ಕು ದಶಕ ಈ ಕ್ಷೇತ್ರದ ಕೊನೆಯ ಮಾತಾಗಿತ್ತು. ಸೀಸ ಎಲ್ಲರ ಮೈಯಲ್ಲೂ ಇರುತ್ತದೆ, ಒಂದು ಮಿತಿಯೊಳಗೆ ಅಪಾಯವಿಲ್ಲ ಎಂಬುದು ಅವರ ವಾದ. ಕಾರುಗಳ ಸುಳಿವಿಲ್ಲದ ಮೆಕ್ಸಿಕೋದ ಹಳ್ಳಿಗರಲ್ಲೂ ಸೀಸ ಸಿಕ್ಕಿತ್ತು, ಸಾಕಲ್ಲ? ಆ ಹಳ್ಳಿಗರು ಉಣ್ಣುತ್ತಿದ್ದ ಮಣ್ಣಿನ ಪಾತ್ರೆಗಳ ಮೆರುಗಿನಲ್ಲೇ ಸೀಸವಿತ್ತು ಎಂಬುದು ಬೇರೆ ಮಾತು. ಹೋಲಿಸಿ ನೋಡಲು ಕಲುಷಿತವಾಗದ ಮನುಷ್ಯನೇ ಎಲ್ಲೂ ಉಳಿದಿರಲಿಲ್ಲ. ಪ್ಯಾಟರ್ಸನ್ನರ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ. ಜೀವಂತ ಮನುಷ್ಯರಲ್ಲಿ ಸಿಗದ ಆಧಾರವನ್ನು ಅವರು ಭೂವಿಜ್ಞಾನಿಯ ರೀತಿಯಲ್ಲಿ ಕಾಲದ ಪದರಗಳಲ್ಲಿ ಹುಡುಕಿದರು. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಪ್ಲಾಸ್ಟಿಕ್ ಉಡುಪು ತೊಟ್ಟು, ಆಮ್ಲದಲ್ಲಿ ತೊಳೆದ ಸಲಕರಣೆಗಳಿಂದ ಮಂಜಿನ ಗಟ್ಟಿಗಳನ್ನು ಕೊಯ್ದು ತಂದ ಅವರ ತಂಡ 1969ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕ್ರಿಸ್ತಪೂರ್ವ 800ರ ಹಿಮಕ್ಕಿಂತ 1965ರ ಹಿಮದಲ್ಲಿ ಸೀಸ ಇನ್ನೂರು ಪಟ್ಟು. ಅದರಲ್ಲೂ 1940ರ ನಂತರದ ಏರಿಕೆ ಕಡಿದಾದದ್ದು. ಮುಂದೆ ಪೆರುವಿನ ಪ್ರಾಚೀನ ಎಲುಬುಗಳೂ ಅದೇ ಕಥೆ ಹೇಳಿದವು. ಹಿಮದ ಲೆಕ್ಕ ಬಂದ ಮೇಲೂ 1971ರಲ್ಲಿ ಗಾಳಿಯ ಸೀಸದ ಬಗ್ಗೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ನೇಮಿಸಿದ ಸಮಿತಿಯಲ್ಲಿ ಅವರಿಗೆ ಜಾಗವಿರಲಿಲ್ಲ. ನಮ್ಮ ಸಮಿತಿಗಳನ್ನು ಬಲ್ಲವರಿಗೆ ಇದು ಹೊಸದೆನಿಸಲಾರದು.

ಪ್ಯಾಟರ್ಸನ್ನರ 1980ರ ಟ್ಯೂನಾ ಮೀನಿನ ಅಧ್ಯಯನವನ್ನು ಯಾಕೋ ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಸೀಸದ ಬೆಸುಗೆಯ ಡಬ್ಬಿಯಲ್ಲಿಟ್ಟ ಮೀನಿನಲ್ಲಿ ತಾಜಾ ಮೀನಿಗಿಂತ ನಾಲ್ಕು ಸಾವಿರ ಪಟ್ಟಿಗೂ ಮಿಕ್ಕಿ ಸೀಸವಿತ್ತು. ಸರಕಾರಿ ಪ್ರಯೋಗಾಲಯಕ್ಕೆ ಆ ವ್ಯತ್ಯಾಸ ಕಂಡೇ ಇರಲಿಲ್ಲ, ಏಕೆಂದರೆ ತಾಜಾ ಮೀನಿನ ಅಳತೆಯಲ್ಲೇ ಅವರು ಸಾವಿರ ಪಟ್ಟು ಎಡವಿದ್ದರು. ಅಳೆಯುವವರ ಕೈಯೇ ಕೊಳೆ. ನಮಗೆ ಹಿಮಕ್ಕಿಂತ ಈ ಮೀನೇ ಹೆಚ್ಚು ಮುಖ್ಯವೆನಿಸುತ್ತದೆ.

ಹಾಗೆಂದು ಒಬ್ಬನೇ ವೀರ ಗೆದ್ದ ಕಥೆ ಇದಲ್ಲ. 1965ರ ಅವರ ಪ್ರಬಂಧದ ಧಾಟಿ ಕಟುವಾಗಿತ್ತು. ವಿಷವಿಜ್ಞಾನಿಗಳು ಅದನ್ನು ಹೊರಗಿನವನ ಅಧಿಕಪ್ರಸಂಗ ಎಂದೇ ನೋಡಿದರು. ಮಕ್ಕಳ ಬುದ್ಧಿಗೆ ಸೀಸ ಮಾಡುವ ಹಾನಿಯನ್ನು ಹಾಲುಹಲ್ಲುಗಳಿಂದ ತೋರಿಸಿಕೊಟ್ಟವರು ಹರ್ಬರ್ಟ್ ನೀಡಲ್‌ಮನ್. ಎಲ್ಲಕ್ಕಿಂತ ದೊಡ್ಡ ತಳ್ಳು ಕೊಟ್ಟದ್ದು ಕಾರಿನ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಸೀಸ ತಗುಲಿದರೆ ಅದು ಕೆಡುತ್ತದೆ. ಮಗುವಿನ ಮಿದುಳು ಕೆಡುತ್ತದೆ ಎಂದಾಗ ಕದಲದವರು ಯಂತ್ರ ಕೆಡುತ್ತದೆ ಎಂದೊಡನೆ ಎದ್ದರು. ಭಾರತದಲ್ಲೂ ನಡೆದದ್ದು ಹಾಗೆಯೇ. 1995ರಲ್ಲಿ ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂದದ್ದು ಕನ್ವರ್ಟರ್ ಇರುವ ಕಾರುಗಳಿಗಾಗಿ. ದೇಶವಿಡೀ ಸೀಸ ಬಿಟ್ಟದ್ದು 2000ದಲ್ಲಿ, ಕೊನೆಯ ದೇಶವಾಗಿ ಅಲ್ಜೀರಿಯಾ ಬಿಟ್ಟದ್ದು 2021ರಲ್ಲಿ. ಫಲ ಮಾತ್ರ ಕಣ್ಣಿಗೆ ರಾಚುವಂಥದ್ದು: ಅಮೆರಿಕನ್ನರ ರಕ್ತದಲ್ಲಿ ಸರಾಸರಿ ಸೀಸ 1970ರ ದಶಕದ ಕೊನೆಗೆ ಡೆಸಿಲೀಟರಿಗೆ 12.8 ಮೈಕ್ರೋಗ್ರಾಂ ಇದ್ದದ್ದು 1991ರ ಹೊತ್ತಿಗೆ 2.8ಕ್ಕೆ ಇಳಿಯಿತು.

ನಮ್ಮ ಬಾಕಿ ಹಾಗೇ ಇದೆ. ಯುನಿಸೆಫ್ 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ, ರಕ್ತದ ಸೀಸ 5 ಮೈಕ್ರೋಗ್ರಾಂ ದಾಟಿದ ಮಕ್ಕಳು ಭಾರತದಲ್ಲೇ ಸುಮಾರು 27 ಕೋಟಿ. ಪೆಟ್ರೋಲ್ ಹೋಗಿದೆ, ಗುಜರಿ ಅಂಗಡಿಯ ಹಿತ್ತಲಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಕುಲುಮೆ ಹೋಗಿಲ್ಲ. ಬಣ್ಣದ ಡಬ್ಬಿಗೆ ನಿಯಮ ಬಂದದ್ದೇ 2016ರಲ್ಲಿ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಸೀಸದ ವಿಷಬಾಧೆಗೆಂದೇ ಒಂದು ಕೇಂದ್ರ ಹುಟ್ಟಿದ್ದು ಕನ್ನಡ ನಾಡಿನ ಹೆಮ್ಮೆ. ಆದರೆ ಆಸ್ಪತ್ರೆಗೆ ಬಂದ ಮಗುವಿನ ರಕ್ತ ನೋಡುವುದು ಕೊನೆಯ ಮೆಟ್ಟಿಲು. ಅದಕ್ಕೆ ಮೊದಲು ಆ ಮಗು ಆಡುವ ಓಣಿಯ ಮಣ್ಣು ನೋಡಬೇಕು, ಅದು ಭೂವಿಜ್ಞಾನ ವಿಭಾಗಗಳ ಕೆಲಸ. ಧಾರವಾಡ ಶಿಲೆಗಳ ವಯಸ್ಸಿನ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಆಗಿರುವ ಕೆಲಸ ಚಿಕ್ಕದಲ್ಲ. ಅದೇ ವಿಭಾಗಗಳು ಊರೂರಿನ ಗುಜರಿ ಓಣಿಗಳ ಮಣ್ಣಿನ ನಕ್ಷೆಯೊಂದನ್ನು ಪಿಎಚ್.ಡಿ. ವಿಷಯವಾಗಿ ಒಪ್ಪಿಕೊಳ್ಳಲಿ. ಮಾರ್ಗದರ್ಶಕರು ಮೊದಲ ದಿನವೇ ವಿದ್ಯಾರ್ಥಿಯ ಬ್ಲ್ಯಾಂಕ್ ಎಷ್ಟು ಬಂತೆಂದು ಕೇಳಲಿ.